ಕತ್ತರಿಸಿ ಎಸೆದ ಕಪ್ಪು ತುದಿಗಳು

ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಿ. ಮೊದಲರ್ಧ ಪೂರ್ತಿ ನೀರು, ಟ್ರೇ, ಅಂಟಿಕೊಂಡ ಫಿಲ್ಮು, ಇಷ್ಟೇ ಇದೆ. ಬೇಜಾರಾಗಿ ಎದ್ದು ಹೋಗಬೇಡಿ. ಒಂದು ಸ್ವೆಟರಿನ ತೋಳು ಬರುತ್ತದೆ, ಅಲ್ಲಿಯವರೆಗೆ ಕಾಯಿರಿ. ನಾನು ಎಂಥ ಕೆಲಸ ಮಾಡಿಟ್ಟಿದ್ದೆ ಅನ್ನುವುದು ನನಗೂ ಅಲ್ಲಿಗೆ ಬಂದ ಮೇಲೇ ಗೊತ್ತಾದದ್ದು.

ನಾನಾಗ ಸ್ವೀಡನ್ನಿನ ಉಪ್ಸಾಲಾದಲ್ಲಿ ಬಾರ್ಲಿ ಎಲೆಗೆ ಬರುವ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಈ ಕಥೆಗೂ ಬಾರ್ಲಿಗೂ ಸಂಬಂಧವಿಲ್ಲ. ಸಂಬಂಧ ಇರುವುದು ನನ್ನ ಇನ್ನೊಂದು ಹುಚ್ಚಿಗೆ. ಎಲ್ಲರೂ ಡಿಜಿಟಲ್ ಕ್ಯಾಮೆರಾ ಕೊಂಡು, ಮನೆಯಲ್ಲಿದ್ದ ಫಿಲ್ಮ್ ಸಾಮಾನನ್ನೆಲ್ಲ ಹಳೆ ಸಾಮಾನಿನ ಸಂತೆಗೆ ತಂದು ಸುರಿಯುತ್ತಿದ್ದ ವರ್ಷಗಳವು. ನಾನು ಅಲ್ಲಿಂದ ನೆಗೆಟಿವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಒಂದು ಎನ್‌ಲಾರ್ಜರ್, ಮೂರು ಟ್ರೇ, ಒಂದು ಕೆಂಪು ಬಲ್ಬು ಹೊತ್ತು ತಂದು, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರೂ ಬಳಸದೆ ಬಿದ್ದಿದ್ದ ಕೋಣೆಯೊಂದನ್ನು ಡಾರ್ಕ್‌ರೂಮ್ ಮಾಡಿಕೊಂಡಿದ್ದೆ. ಯಾರೂ ಕಲಿಸಿದ್ದಲ್ಲ. ಎರಡು ಹಳೆಯ ಪುಸ್ತಕ, ಇಂಟರ್‌ನೆಟ್ಟಿನಲ್ಲಿ ಅಪರಿಚಿತರು ಕೊಟ್ಟ ಬುದ್ಧಿಮಾತು, ನಾನೇ ಹಾಳು ಮಾಡಿದ ಕಾಗದದ ಗುಡ್ಡೆ. ಗುರುಗಳು ಇಷ್ಟೇ.

ವಾರಕ್ಕೆ ಎರಡು ಸಂಜೆ ಕೊಮ್ಯೂನ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ನಡೆಸುವ ಸ್ವೀಡಿಷ್ ತರಗತಿಗೂ ಹೋಗುತ್ತಿದ್ದೆ. ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ಉತ್ತರ ಇರಾಕಿನ ಕಡೆಯವರು. ಊರಿನ ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಅವರ ಕಡೆಯೂ ಚಿಕ್ಕಮ್ಮನಿಗೆ ಖಾಲಾ ಅನ್ನುತ್ತಾರೆ. ನಮ್ಮೂರಿನಲ್ಲಿ ಪಕ್ಕದ ಮನೆಯವರನ್ನು ನಾನು ಕರೆಯುತ್ತಿದ್ದುದೂ ಅದೇ ಆದ್ದರಿಂದ ಮೊದಲ ವಾರದಿಂದಲೇ ಅವರು ನನಗೆ ಖಾಲಾ ಆದರು. ನಮ್ಮಿಬ್ಬರ ಸ್ವೀಡಿಷೂ ಅರೆಬರೆ. ಅದನ್ನು ಹಾಗೇ ಬರೆದರೆ ನೀವು ನಗುತ್ತೀರಿ, ಅದಕ್ಕೆ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಒಂದು ಸಂಜೆ ಟೀಚರ್ ಎಲ್ಲರ ಹವ್ಯಾಸ ಕೇಳಿದರು. ಕತ್ತಲೆಯಲ್ಲಿ ಕೂತು ಫೋಟೋ ಮಾಡುತ್ತೇನೆ ಎಂದೆ. ಫೀಕಾ ಹೊತ್ತಿಗೆ, ಎಲ್ಲರೂ ಕಾಫಿ ಹಿಡಿದು ನಿಂತಾಗ, ಖಾಲಾ ಹತ್ತಿರ ಬಂದರು.

"ನೀರು ಬಿದ್ದು ಅಂಟಿಕೊಂಡಿರೋ ಫಿಲ್ಮ್ ಬಿಡಿಸೋಕೆ ಬರುತ್ತಾ ನಿಂಗೆ?"

"ಬರುತ್ತೆ," ಎಂದೆ. ಜೀವನದಲ್ಲಿ ಒಮ್ಮೆಯೂ ಬಿಡಿಸಿರಲಿಲ್ಲ.

ಮುಂದಿನ ತರಗತಿಗೆ ಅವರು ಒಂದು ತುಪ್ಪದ ಡಬ್ಬ ತಂದರು. ಮುಚ್ಚಳ ತೆಗೆದರೆ ಹೊಗೆಯ ವಾಸನೆ, ಅದರ ಹಿಂದೆಯೇ ಬೂಷ್ಟಿನ ವಾಸನೆ. ಒಳಗೆ ನೆಗೆಟಿವ್ ಪಟ್ಟಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು.

ಖಾಲಾ ಹೇಳಿದ್ದಿಷ್ಟು. ಅವರ ಗಂಡನದು ಫೋಟೋ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ಆ ಬೀದಿಯಲ್ಲಿ ಮೂರು ಭಾಷೆಯ ಜನ ತಲೆಮಾರಿನಿಂದ ಒಟ್ಟಿಗಿದ್ದರು. ಸರ್ಕಾರ ಬಿದ್ದ ಮೇಲೆ ಈ ಊರು ಯಾರದು ಅನ್ನುವ ಜಗಳ ಶುರುವಾಯಿತು. ತಾವು ಈ ಊರಿನವರೇ ಎಂದು ತೋರಿಸಲು ಎಲ್ಲರಿಗೂ ಹೊಸ ಗುರುತಿನ ಚೀಟಿ ಬೇಕಾಯಿತು, ಚೀಟಿಗೆ ಫೋಟೋ ಬೇಕಾಯಿತು. ಒಬ್ಬರ ಮುಖ ಒಬ್ಬರು ನೋಡದ ಜನ ಆ ಸ್ಟುಡಿಯೋದ ಮುಂದೆ ಮಾತ್ರ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಯಾರೋ ಆ ಸಾಲಿನ ಎದುರಿಗೆ ಒಂದು ಕಾರು ನಿಲ್ಲಿಸಿ ಹೋದರು.

"ಹತ್ತು ಗಂಟೆಗೆ ಅವರಿಗೆ ಟೀ ಕೊಡ್ತಿದ್ದೆ. ಅವತ್ತು ಗ್ಯಾಸ್ ಮುಗೀತು, ಸೀಮೆಎಣ್ಣೆ ಸ್ಟವ್ ಹಚ್ಚಿದೆ, ತಡ ಆಯ್ತು. ಹಿಂದಗಡೆ ಅಡುಗೆಮನೇಲಿದ್ದೆ. ಅದೊಂದು ಗೋಡೆ ಬೀಳಲಿಲ್ಲ."

ಗಂಡನ ಜೊತೆ ಸಾಲಿನಲ್ಲಿದ್ದವರೂ ಹೋದರು, ಮೂರೂ ಭಾಷೆಯವರು. ಮನೆಯ ಮುಂದಿನ ಕೋಣೆಯಲ್ಲಿದ್ದ ಆಲ್ಬಮ್ಮುಗಳು ಸುಟ್ಟವು. ಬೆಂಕಿ ಆರಿಸುವವರು ಬಿಟ್ಟ ನೀರಿನಲ್ಲಿ ಅಂಗಡಿಯ ಒಂದು ಡ್ರಾಯರ್ ಮುಳುಗಿ, ಅದರಲ್ಲಿದ್ದ ನೆಗೆಟಿವ್‌ಗಳು ಸುಡದೆ ಉಳಿದವು. ಅವೇ ಈ ಡಬ್ಬದಲ್ಲಿದ್ದವು.

"ಎಲ್ಲ ಬೇಡ ಮಗಳೇ. ಅವರದ್ದು ಒಂದು ಮುಖ ಸಿಕ್ಕಿದ್ರೆ ಸಾಕು. ಊರಿನ ಜನರದ್ದೆಲ್ಲ ಫೋಟೋ ತೆಗೆದೋರು, ಅವರದ್ದೇ ಒಂದೂ ಇಲ್ಲ."

ಖಾಲಾ ಮಗಳ ಮನೆಯಲ್ಲಿದ್ದರು. ಐದು ವರ್ಷದ ಮೊಮ್ಮಗಳು ಇಲ್ಲೇ ಹುಟ್ಟಿದವಳು. ಅವಳ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಗೋಡೆಯ ಮೇಲೆ ಪ್ರತಿ ಮಗುವಿಗೂ ಒಂದು ಹಾಳೆ ಅಂಟಿಸಿ, ಮನೆಯವರ ಫೋಟೋ ಹಚ್ಚಿಸಿದ್ದರಂತೆ. ಅಜ್ಜನ ಜಾಗದಲ್ಲಿ ಈ ಹುಡುಗಿ ಮೂರು ಕಾಲಿನ ಕಪ್ಪು ಪೆಟ್ಟಿಗೆ ಬರೆದಿದ್ದಳು. ಅಜ್ಜನೆಂದರೆ ಕ್ಯಾಮೆರಾ ಎಂದಷ್ಟೇ ಅವಳಿಗೆ ಗೊತ್ತು.

ಡಬ್ಬ ಮನೆಗೆ ತಂದೆ. ಮೊದಲ ದಿನವೇ ಎಡವಟ್ಟು ಮಾಡಿದೆ.

ನಮ್ಮಲ್ಲಿ ಏನೇ ಅಂಟಿಕೊಂಡರೂ ಉಗುರುಬೆಚ್ಚಗಿನ ನೀರು ತಾನೇ? ಬಾಟಲಿಯ ಲೇಬಲ್ಲು, ಲಕೋಟೆಯ ಸ್ಟ್ಯಾಂಪು, ಕಾಲಿಗೆ ಅಂಟಿದ ಬ್ಯಾಂಡೇಜು, ಎಲ್ಲಕ್ಕೂ ಅದೇ ಮದ್ದು. ನಾನೂ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಇಟ್ಟಿಗೆಯ ಒಂದು ಮೂಲೆ ಮುರಿದು ಟ್ರೇಯಲ್ಲಿ ಮುಳುಗಿಸಿದೆ. ಹತ್ತೇ ನಿಮಿಷದಲ್ಲಿ ಎರಡು ಪಟ್ಟಿ ಬಿಟ್ಟುಕೊಂಡವು. ಕುಣಿದಾಡುವಷ್ಟು ಖುಷಿ. ಮೇಲೆತ್ತಿದರೆ ಕೈಯಲ್ಲಿ ಬರೀ ಗಾಜಿನಂಥ ಪ್ಲಾಸ್ಟಿಕ್ ಬಂತು. ಎರಡು ಮುಖಗಳು ಹಾಲಿನ ಕೆನೆಯ ಹಾಗೆ ಜಾರಿ ನೀರಿನಲ್ಲಿ ತೇಲುತ್ತಿದ್ದವು. ಬೆರಳು ತಾಗಿದ ಕೂಡಲೇ ಚೂರಾದವು.

ನನ್ನ ಜೊತೆ ಮನೆ ಹಂಚಿಕೊಂಡಿದ್ದವರು ಧಾರವಾಡದ ಅಕ್ಕ, ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಬೆಂಗಳೂರಿನವರ ನಡುವೆ ಅಳತೆಯಾಗಿ ಮಾತಾಡುವವರು ಸಿಟ್ಟು ಬಂದರೆ ಸೀದಾ ಊರಿನ ಮಾತಿಗೆ ಇಳಿದುಬಿಡುತ್ತಾರೆ.

"ಬಿಸಿನೀರು ಹಾಕಿದಿ? ಏನ್ ಶಾಣ್ಯಾ ಇದ್ದೀ ನೀ! ಫಿಲ್ಮಿನ ಮ್ಯಾಲೆ ಇರೂದು ಏನು?"

"ಜಿಲೆಟಿನ್, ಅಕ್ಕ."

"ನಾ ದಿನಾ ಆಫೀಸಿನ್ಯಾಗ ಏನು ಮಾಡತೀನಿ? ಕ್ಯಾಪ್ಸೂಲ್. ಕ್ಯಾಪ್ಸೂಲ್ ಯಾತರದು? ಜಿಲೆಟಿನ್. ಅದನ್ನ ಬೆಚ್ಚಗಿನ ನೀರಾಗ ಹಾಕಿದ್ರ ಏನಾಗ್ತದ? ಹೊಟ್ಟ್ಯಾಗ ಕರಗಲಿ ಅಂತನ ಮಾಡಿರ್ತಾರ ಅದನ್ನ!"

"ಕೇಳ್ಬೇಕಿತ್ತು ನಿಮ್ಮನ್ನ."

"ಕೇಳಂಗಿಲ್ಲ ನೀ. ಮದಲ ಮಾಡತಿ, ಆಮ್ಯಾಲೆ ಅಳತಿ. ತಣ್ಣೀರು ತಗೋ. ಈ ಊರಾಗ ನಲ್ಲಿ ತಿರುವಿದ್ರ ಫ್ರಿಜ್ಜಿನ ನೀರ ಬರ್ತದ, ಅದು ಬಿಟ್ಟು ಗೀಸರ್ ಹಚ್ಚ್ಯಾಳ!"

ಆ ಎರಡು ಮುಖ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಖಾಲಾಗೆ ಮರುದಿನವೇ ಹೇಳಿದೆ. ಅವರು ನನ್ನ ಕೈ ತಟ್ಟಿ, "ಉಳಿದಿದ್ದು ನೋಡು" ಎಂದರು.

ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ಕ್ರಮ ಬಂತು. ನಲ್ಲಿಯ ನೀರು ತಣ್ಣಗಿತ್ತು, ಸರಿ, ಆದರೆ ಉಪ್ಸಾಲಾದ ನೀರು ಬಲು ಗಡಸು. ಒಣಗಿದ ಮೇಲೆ ಮುಖಗಳ ಮೇಲೆಲ್ಲ ಸುಣ್ಣದ ಚುಕ್ಕೆ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಬ್ಯಾಟರಿಗೆ ಹಾಕುವ ಶುದ್ಧ ನೀರು ಸಿಗುತ್ತದಲ್ಲ, ಅದರ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿ ತಂದು, ಹೊರಗಿನ ಚಳಿಯಲ್ಲೇ ಇಟ್ಟು ತಣ್ಣಗೆ ಮಾಡಿದೆ. ಒಂದು ಲೀಟರಿಗೆ ಎರಡು ಹನಿ, ನೀರು ಜಾರಿ ಹೋಗುವಂತೆ ಮಾಡುವ ದ್ರಾವಣ. ತುಂಡು ಮುಳುಗಿಸುವುದು, ಮುಟ್ಟದೆ ಬಿಡುವುದು. ಕೆಲವು ಎರಡು ತಾಸಿಗೆ ಸಡಿಲವಾಗುತ್ತಿದ್ದವು, ಕೆಲವಕ್ಕೆ ಒಂದು ಹಗಲು ಪೂರ್ತಿ ಬೇಕಿತ್ತು. ಅಂಚು ತಾನಾಗಿ ತೆರೆದುಕೊಂಡಾಗ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಆ ಸಂದಿಗೆ ತೂರಿಸಿ ಕಾಯುವುದು. ಎಳೆಯುವ ಹಾಗಿಲ್ಲ. ಬಿಡಿಸುವ ಕೆಲಸ ನೀರಿನದು, ನನ್ನದು ಬರೀ ಕಾವಲು. ಎಲ್ಲವನ್ನೂ ಮೊದಲು ಮಾಡಿ ಆಮೇಲೆ ಅಳುವ ನನ್ನಂಥವಳಿಗೆ ಇದು ಎಂಥ ಶಿಕ್ಷೆ ಅಂತ ಅಕ್ಕ ನಕ್ಕಿದ್ದೇ ನಕ್ಕಿದ್ದು.

ಒಣಗಿಸಲು ಧೂಳಿಲ್ಲದ ಜಾಗ ಬೇಕು. ಕಟ್ಟಡದ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ ಬೀರುವಿನಂಥ ಒಂದು ಒಣಗಿಸುವ ಕಪಾಟಿತ್ತು. ಬಿಸಿ ಆರಿಸಿ ಬರೀ ಗಾಳಿ ಬಿಟ್ಟರೆ ನೆಗೆಟಿವ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ನನ್ನ ಸರದಿಯ ಹೊತ್ತಿನಲ್ಲಿ ಬಟ್ಟೆಯ ಕ್ಲಿಪ್ಪಿಗೆ ಪಟ್ಟಿಗಳನ್ನು ನೇತುಹಾಕಿದೆ. ಎರಡನೇ ವಾರ ಕಪಾಟಿನ ಬಾಗಿಲಿಗೆ ಚೀಟಿ ಅಂಟಿತ್ತು: "ಇದು ಬಟ್ಟೆಗಾಗಿ. ಬಟ್ಟೆಗಾಗಿ ಮಾತ್ರ!"

ಚೀಟಿ ಯಾರದೆಂದು ಕಟ್ಟಡಕ್ಕೆಲ್ಲ ಗೊತ್ತು. ಕೆಳಮಹಡಿಯ ಮುದುಕರೊಬ್ಬರದು. ರಿಟೈರ್ ಆದ ಮೇಲೆ ಅವರ ಕೆಲಸವೇ ಅದು. ಯಾರ ಸೈಕಲ್ ಅಡ್ಡ ನಿಂತಿದೆ, ಯಾರು ಹಾಲಿನ ಡಬ್ಬವನ್ನು ಗಾಜಿನ ಕಸಕ್ಕೆ ಹಾಕಿದ್ದಾರೆ, ಎಲ್ಲಕ್ಕೂ ಚೀಟಿ. ಎದುರಿಗೆ ಸಿಕ್ಕರೆ ಒಂದು ಮಾತಿಲ್ಲ. ಬೇರೆ ಬಾಡಿಗೆದಾರರಿಂದ ಒಳಬಾಡಿಗೆಗೆ ಪಡೆದು ಇದ್ದ ನಾವು ಅವರ ಬಾಗಿಲ ಮುಂದೆ ತುದಿಗಾಲಲ್ಲಿ ನಡೆಯುತ್ತಿದ್ದೆವು.

ಈಗ ತುದಿಗಳ ವಿಷಯ. ಫಿಲ್ಮನ್ನು ಕ್ಯಾಮೆರಾಕ್ಕೆ ಹಾಕುವಾಗ ರೋಲಿನ ಮೊದಲ ತುದಿಗೆ ಬೆಳಕು ಬೀಳುತ್ತದೆ. ತೊಳೆದಾಗ ಅಷ್ಟು ಭಾಗ ಪೂರ್ತಿ ಕಪ್ಪಾಗುತ್ತದೆ. ಅಲ್ಲಿ ಚಿತ್ರ ಇರುವುದಿಲ್ಲ, ಅದನ್ನು ಕತ್ತರಿಸಿ ಎಸೆಯಿರಿ ಎಂದು ನನ್ನ ಎರಡೂ ಪುಸ್ತಕ ಹೇಳಿದ್ದವು. ಈ ಡಬ್ಬದಲ್ಲಿ ಅಂಥ ಕಪ್ಪು ತುದಿಗಳೇ ಎಲ್ಲಕ್ಕಿಂತ ಹೆಚ್ಚು ಊದಿ ಜಿಗುಟಾಗಿದ್ದವು, ಪಕ್ಕದ ಒಳ್ಳೆಯ ಮುಖಗಳನ್ನೂ ತಮ್ಮ ಜೊತೆ ಎಳೆಯುತ್ತಿದ್ದವು. ಒದ್ದೆಯಲ್ಲಿ ಫ್ರೇಮು ಎಲ್ಲಿ ಮುಗಿಯುತ್ತದೆ ಅನ್ನುವುದೂ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಕಚಕಚ ಕತ್ತರಿಸಿ, ಬ್ರೆಡ್ಡಿನ ಚೀಲಕ್ಕೆ ತುಂಬಿ, ಕಸದ ಕೋಣೆಯಲ್ಲಿ ಪ್ಲಾಸ್ಟಿಕ್ ಕಸಕ್ಕೆಂದಿದ್ದ ಡಬ್ಬಿಗೆ ಹಾಕಿ ಬಂದೆ. ದೊಡ್ಡ ಬುದ್ಧಿವಂತಿಕೆ ಮಾಡಿದೆ ಅನ್ನಿಸಿತ್ತು.

ಎರಡು ದಿನಕ್ಕೆ ಕಸದ ಕೋಣೆಯಲ್ಲಿ ಹೊಸ ಚೀಟಿ: "ಫಿಲ್ಮ್ ಎಂಬುದು ಪ್ಯಾಕಿಂಗ್ ಪ್ಲಾಸ್ಟಿಕ್ ಅಲ್ಲ. ಯಾರದೋ ಅವರು ಬಂದು ತೆಗೆದುಕೊಂಡು ಹೋಗಿ." ಅದೇ ದಿನ ಮೆಟ್ಟಿಲಲ್ಲಿ ಮುದುಕರು ಎದುರಾದರು.

"ಆ ಫಿಲ್ಮ್ ನಿನ್ನದಾ?"

"ನನ್ನದಲ್ಲ," ಎಂದು ಹೇಳಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಒಂದು ಚೀಲ ಕಸಕ್ಕೆ ಎಲ್ಲಿ ಮನೆ ಬಿಡಿಸುತ್ತಾರೋ ಎಂಬ ಭಯ.

ಭಾನುವಾರ ಮಧ್ಯಾಹ್ನಗಳಲ್ಲಿ ಖಾಲಾ ನಮ್ಮ ಅಡುಗೆಮನೆಗೆ ಬರುತ್ತಿದ್ದರು. ಗಾಜಿನ ಟ್ರೇ ಬೋರಲು ಹಾಕಿ ಅಡಿಯಲ್ಲಿ ದೀಪ ಇಟ್ಟು, ಒಣಗಿದ ಪಟ್ಟಿಗಳನ್ನು ಅದರ ಮೇಲೆ ಹರಡುತ್ತಿದ್ದೆ. ಅವರು ಭೂತಗನ್ನಡಿ ಹಿಡಿದು, ನೆಗೆಟಿವ್‌ನ ಕಪ್ಪು ಮುಖ ಬಿಳಿ ಕೂದಲುಗಳಲ್ಲೇ ಜನರನ್ನು ಗುರುತಿಸುತ್ತಿದ್ದರು.

"ಇವನು ಬ್ರೆಡ್ ಅಂಗಡಿಯವನು. ಸಾಲ ಕೇಳಿದ್ರೆ ಕಿವಿ ಕೇಳಿಸ್ತಿರಲಿಲ್ಲ. ಇವಳು ಎದುರು ಮನೆಯವಳು, ನಮ್ಮ ಜನ ಅಲ್ಲ, ಬೇರೆ ಭಾಷೆಯವಳು. ನನ್ನ ಮಗಳು ಹುಟ್ಟುವಾಗ ನನ್ನ ಕೈ ಹಿಡ್ಕೊಂಡು ಕೂತಿದ್ದೋಳು. ಸಾಲಿನಲ್ಲಿದ್ದಳು ಅವತ್ತು."

ಆ ಎದುರು ಮನೆಯವಳ ತಮ್ಮ ಸ್ವೀಡನ್ನಿನಲ್ಲೇ, ಕಾರ್ಲ್‌ಸ್ಟಾಡ್ ಎಂಬ ಊರಿನಲ್ಲಿ ಇದ್ದಾನೆಂದು ಖಾಲಾಗೆ ಗೊತ್ತಿತ್ತು. ಊರು ಒಡೆದ ಮೇಲೆ ಎರಡು ಕಡೆಯವರಿಗೂ ಮಾತಿರಲಿಲ್ಲ. ನಾನು ಮುದ್ರಿಸಿದ ಫೋಟೋವನ್ನು ಖಾಲಾ ಒಂದು ಅಕ್ಷರವನ್ನೂ ಬರೆಯದೆ ಅವನಿಗೆ ಅಂಚೆಯಲ್ಲಿ ಕಳಿಸಿದರು. ಮೂರನೇ ದಿನ ಫೋನ್ ಬಂತು. ಖಾಲಾ ಅವನ ಭಾಷೆಯಲ್ಲಿ ಮಾತಾಡಿದರು. ಏನಂದ ಎಂದು ಕೇಳಿದೆ.

"ಅಕ್ಕನ ಫೋಟೋ ಇನ್ನೊಂದು ಇದ್ರೆ ಅಮ್ಮನಿಗೂ ಕಳಿಸ್ತೀನಿ ಅಂದ. ಬಾಯಿ ತುಂಬ ಖಾಲಾ ಅಂದ," ಎಂದು ಮೂಗು ಒರೆಸಿಕೊಂಡರು.

ಹೀಗೆ ಮೂರೂ ಭಾಷೆಯ ಮುಖಗಳು ಒಂದೊಂದಾಗಿ ನೀರಿನಿಂದ ಎದ್ದು ಬಂದವು. ಸ್ಟುಡಿಯೋದ ಯಜಮಾನರು ಮಾತ್ರ ಬರಲಿಲ್ಲ. ಅಂಗಡಿ ತೆರೆದ ದಿನ ಗಂಡ ಹೆಂಡತಿ ಬಾಗಿಲಲ್ಲಿ ನಿಂತು ತೆಗೆಸಿದ ಫೋಟೋ ಒಂದಿತ್ತು, ಖಾಲಾ ಅದನ್ನೇ ನಂಬಿಕೊಂಡಿದ್ದರು. ಅದೂ ಸಿಕ್ಕಿತು. ರಿಬ್ಬನ್ ಕಟ್ಟಿದ ಬಾಗಿಲಿದೆ, ಹರೆಯದ ಖಾಲಾ ಇದ್ದಾರೆ, ಪಕ್ಕದಲ್ಲಿ ಪ್ಯಾಂಟು, ಬೆಲ್ಟು, ಅಂಗಿಯ ಎರಡು ಗುಂಡಿ. ಅದರಿಂದ ಮೇಲೆ ಬೂಷ್ಟು ತಿಂದು ಹಾಕಿತ್ತು.

ಖಾಲಾ ತುಂಬ ಹೊತ್ತು ನೋಡಿ, ತುಪ್ಪದ ಡಬ್ಬದ ಮುಚ್ಚಳ ಹಾಕಿದರು. ಡಬ್ಬದಲ್ಲಿ ಇನ್ನೇನೂ ಉಳಿದಿರಲಿಲ್ಲ.

"ಸಾಕು ಮಗಳೇ. ಬೇರೆಯವರದ್ದಾದ್ರೂ ಸಿಕ್ತು. ಅವರಿಗೂ ಅದೇ ಇಷ್ಟ ಆಗಿರೋದು."

ಅದು ಒಂದು ಶುಕ್ರವಾರ ಮಧ್ಯಾಹ್ನ, ಭಾನುವಾರದವರೆಗೆ ತಡೆಯಲಾಗದೆ ಖಾಲಾ ಬಂದಿದ್ದರು. ಕೊನೆಯದಾಗಿ ಒಣಗಿದ ಒಂದು ಪಟ್ಟಿ ಕ್ಲಿಪ್ಪಿನಲ್ಲೇ ಇತ್ತು. ಸುಮ್ಮನೆ ಮುಗಿಸಿಬಿಡೋಣ ಎಂದು ದೀಪದ ಮೇಲಿಟ್ಟೆ. ಮೀಸೆಯ ಗಿರಾಕಿಯೊಬ್ಬನ ಮುಖ. ಅದರ ಎಡಕ್ಕೆ, ನನ್ನ ಕತ್ತರಿ ಸೊಟ್ಟಗೆ ಹೋದ ಕಡೆ, ಬೆರಳಗಲದ ಒಂದು ಚೂರು ಉಳಿದುಬಿಟ್ಟಿತ್ತು. ಅದರಲ್ಲಿ ಬಾಗಿದ ಒಂದು ಮೊಣಕೈ, ಮಂಡಿಯ ಮೇಲೆ ಒಂದು ಅಂಗೈ, ಅಂಗೈಯಲ್ಲಿ ರಬ್ಬರ್ ಚೆಂಡಿನಂಥದ್ದೇನೋ.

"ಖಾಲಾ, ಇದೇನಿದು?"

ಅವರು ಭೂತಗನ್ನಡಿ ಇಟ್ಟರು. ಎತ್ತಲೇ ಇಲ್ಲ.

"ಈ ಸ್ವೆಟರ್ ನಾನು ಹೆಣೆದದ್ದು," ಎಂದರು. "ಮೊಣಕೈ ಹತ್ರ ಬೇರೆ ನೂಲಿನ ತೇಪೆ ಇದೆ ನೋಡು. ಅದೇ ಬಣ್ಣದ ನೂಲು ಸಿಗಲಿಲ್ಲ ಅಂತ ಬೈಸ್ಕೊಂಡಿದ್ದೆ."

ಆಮೇಲೆ ಅವರಿಗೆ ಒಂದೊಂದಾಗಿ ನೆನಪಾಯಿತು. ಕ್ಯಾಮೆರಾದಿಂದ ಉದ್ದನೆಯ ಕೊಳವೆ, ಕೊನೆಗೆ ರಬ್ಬರ್ ಗುಂಡು, ಒತ್ತಿದರೆ ದೂರದಿಂದಲೇ ಫೋಟೋ ಬೀಳುತ್ತದೆ. ಬೆಳಿಗ್ಗೆ ಹೊಸ ರೋಲು ಹಾಕಿ, ದೀಪ ಸರಿಯಿದೆಯೇ ನೋಡಲು ಯಜಮಾನರು ತಾವೇ ಗಿರಾಕಿಯ ಸ್ಟೂಲಿನ ಮೇಲೆ ಕೂತು ಆ ಗುಂಡು ಒತ್ತುತ್ತಿದ್ದರು.

"ಮೊದಲನೇ ಫೋಟೋ ಬೆಳಕಿಗೆ ಅರ್ಧ ಸುಟ್ಟಿರುತ್ತೆ, ಗಿರಾಕಿ ಮುಖ ಸುಡಬಾರದು, ಅದು ನನ್ನ ಪಾಲಿಗೆ ಇರ್ಲಿ ಅಂತಿದ್ರು. ಅದರಲ್ಲಿ ಏನೂ ಬೀಳಲ್ಲ ಅಂದ್ಕೊಂಡಿದ್ದೆ ನಾನು. ಎಲ್ಲಿ ಇದರ ಮಿಕ್ಕ ಭಾಗ?"

ಪ್ರತಿ ರೋಲಿನ ಮೊದಲ ಫ್ರೇಮಿನಲ್ಲೂ ಅವರೇ ಇದ್ದರು. ಪ್ರತಿ ರೋಲಿನಿಂದಲೂ ನಾನು ಅವರನ್ನೇ ಕತ್ತರಿಸಿದ್ದೆ. ಬ್ರೆಡ್ಡಿನ ಚೀಲ ಎಸೆದು ಹತ್ತು ದಿನದ ಮೇಲಾಗಿತ್ತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅದು ಸ್ಫೋಟದಲ್ಲೇ ಸುಟ್ಟುಹೋಗಿದೆ ಖಾಲಾ, ಅಂತ ಬಾಯಿಗೆ ಬಂದಿತ್ತು. ಅವರು ನಂಬುತ್ತಿದ್ದರು. ಅಷ್ಟೆಲ್ಲ ಸುಟ್ಟಿತ್ತಲ್ಲ, ಇನ್ನೊಂದು ಅದರಲ್ಲಿ ಸೇರುತ್ತಿತ್ತು. ಆದರೆ ಕಾರು ನಿಲ್ಲಿಸಿ ಹೋದವನ ಲೆಕ್ಕಕ್ಕೆ ನನ್ನ ಕತ್ತರಿಯನ್ನೂ ಸೇರಿಸಿಬಿಡುವುದು ಹೇಗೆ? ಅಕ್ಕ ಒಲೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು.

"ನಾನೇ ಕತ್ತರಿಸಿದೆ ಖಾಲಾ. ಕಪ್ಪಾಗಿತ್ತು, ಏನೂ ಇಲ್ಲ ಅಂದ್ಕೊಂಡು ಕಸಕ್ಕೆ ಹಾಕಿದೆ."

ಖಾಲಾ ಕುರ್ಚಿಯ ಮೇಲಿದ್ದ ಕೋಟು ಎತ್ತಿಕೊಂಡು ತೋಳು ತೂರಿಸಿದರು.

"ಯಾವ ಕಸ? ನಡಿ, ತೋರಿಸು."

ಕಸದ ಕೋಣೆಯ ಡಬ್ಬಿ ಖಾಲಿ. ಹತ್ತು ದಿನದಲ್ಲಿ ಎರಡು ಸಲ ಗಾಡಿ ಬಂದು ಹೋಗಿತ್ತು. ಗೋಡೆಯ ಮೇಲೆ ಆ ಚೀಟಿ ಮಾತ್ರ ಹಾಗೇ ಇತ್ತು. ಖಾಲಾ ಅದನ್ನು ತೋರಿಸಿ, ಏನಿದು, ಓದು ಎಂದರು. "ಬಂದು ತೆಗೆದುಕೊಂಡು ಹೋಗಿ" ಎಂದು ಓದಿದ ಮೇಲೆ ನನ್ನ ತಲೆಗೆ ಹೊಳೆಯಿತು. ಎಲ್ಲಿಂದ ತೆಗೆದುಕೊಂಡು ಹೋಗಬೇಕು? ಹಾಗಾದರೆ ಅದು ಎಲ್ಲೋ ಇದೆ.

ಮುದುಕರ ಬಾಗಿಲು ತಟ್ಟಿದೆ. ಹಿಂದೆ ಖಾಲಾ, ಅವರ ಹಿಂದೆ ಲಟ್ಟಣಿಗೆ ಹಿಡಿದುಕೊಂಡೇ ಇಳಿದು ಬಂದ ಅಕ್ಕ. ಬಾಗಿಲು ತೆಗೆದ ಮುದುಕರು ಲಟ್ಟಣಿಗೆಯನ್ನೇ ನೋಡಿದರು.

"ಅವತ್ತು ಸುಳ್ಳು ಹೇಳಿದೆ," ಎಂದೆ. "ಫಿಲ್ಮ್ ನನ್ನದೇ."

"ಗೊತ್ತು. ಈ ಕಟ್ಟಡದಲ್ಲಿ ಫಿಲ್ಮ್ ಒಗೆಯೋಳು ನೀನೊಬ್ಬಳೇ."

"ಅದು ಇದೆಯಾ?"

"ಫಿಲ್ಮಿನಲ್ಲಿ ಬೆಳ್ಳಿ ಇರುತ್ತೆ. ಅಪಾಯಕಾರಿ ಕಸ ಅದು, ಪ್ಲಾಸ್ಟಿಕ್ ಅಲ್ಲ. ಅದಕ್ಕೆ ಬೇರೆ ವ್ಯಾನ್ ಬರುತ್ತೆ. ನಾಳೆ ಬೆಳಿಗ್ಗೆ ಬರುತ್ತೆ."

ಒಳಗೆ ಹೋದರು. ಬಾಗಿಲ ಸಂದಿಯಿಂದ ಕಂಡಿತು: ಸಾಲಾಗಿ ಹಳೆಯ ಬ್ಯಾಟರಿಗಳು, ಬಣ್ಣದ ಡಬ್ಬಗಳು, ಕೆಟ್ಟ ಟ್ಯೂಬ್‌ಲೈಟು, ಪ್ರತಿಯೊಂದಕ್ಕೂ ಚೀಟಿ. ಉಪ್ಪಿನಕಾಯಿ ಹಾಕುವಂಥ ಒಂದು ಗಾಜಿನ ಜಾಡಿ ತಂದು ನನ್ನ ಕೈಗಿಟ್ಟರು. "ಫಿಲ್ಮ್, ಮಾಲೀಕರು ಗೊತ್ತಿಲ್ಲ" ಎಂದು ಅದರ ಮೇಲೆ ಬರೆದಿತ್ತು. ಪಾಪ, ಗೊತ್ತಿದ್ದೂ ಬರೆದಿದ್ದರು. ಒಳಗೆ ನನ್ನ ಕಪ್ಪು ತುದಿಗಳು ಒಣಗಿ, ಸುರುಳಿಯಾಗಿ, ಮತ್ತೆ ಒಂದಕ್ಕೊಂದು ಅಂಟಿದ್ದವು.

ಖಾಲಾ ಜಾಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡರು.

"ಏನು ಅದು?" ಎಂದರು ಮುದುಕರು.

"ನನ್ನ ಗಂಡ," ಎಂದರು ಖಾಲಾ. ಅವರು ತಪ್ಪಿಲ್ಲದೆ ಹೇಳಬಲ್ಲ ಕೆಲವೇ ಸ್ವೀಡಿಷ್ ಮಾತುಗಳಲ್ಲಿ ಅದೂ ಒಂದು.

ನಾನು ವಿಷಯ ಹೇಳಿದೆ. ಕಾರು, ಸಾಲು, ನೀರು, ಕತ್ತರಿ. ಮುದುಕರು ಕೊನೆಗೆ, ಒಣಗಿಸಲು ಎಷ್ಟು ಹೊತ್ತು ಬೇಕು ಎಂದರು. ಕಪಾಟು ನಾಲ್ಕು ತಾಸು ಬೇಕು, ನನ್ನ ಸರದಿ ಇರುವುದು ಮುಂದಿನ ವಾರ ಎಂದೆ. ಅವರು ಕೋಲೂರಿಕೊಂಡು ಬಟ್ಟೆ ಕೋಣೆಗೆ ಹೋಗಿ, ಸರದಿಯ ಹಲಗೆಯಲ್ಲಿ ಭಾನುವಾರದ ಜಾಗದಲ್ಲಿದ್ದ ತಮ್ಮ ಮನೆ ಸಂಖ್ಯೆಯ ಗುಂಡಿಯನ್ನು ಕಿತ್ತು, ಅಲ್ಲಿ ನಮ್ಮ ಸಂಖ್ಯೆಯದನ್ನು ಸಿಕ್ಕಿಸಿದರು. ಸ್ವೀಡನ್ನಿನಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಇಲ್ಲಿ ಒಬ್ಬರು ತಮ್ಮ ಬಟ್ಟೆ ಒಗೆಯುವ ಸರದಿ ಬಿಟ್ಟುಕೊಟ್ಟರೆ ಅದಕ್ಕಿಂತ ದೊಡ್ಡ ಸಂಬಂಧವಿಲ್ಲ.

ಎರಡನೇ ಸಲ ನೆನೆಸುವುದು ಮೊದಲಿನದಕ್ಕಿಂತ ಕಷ್ಟ. ಒಮ್ಮೆ ಉಬ್ಬಿ ಕುಗ್ಗಿದ ಜಿಲೆಟಿನ್ ಸುಕ್ಕುಗಟ್ಟುತ್ತದೆ, ಅಂಚಿನಿಂದ ಏಳುತ್ತದೆ. ಅಕ್ಕ ತಮ್ಮ ಲ್ಯಾಬಿನ ತಿಳಿವಳಿಕೆ ತಂದರು: ನೀರಿಗೆ ಚಿಟಿಕೆ ಪಟಿಕ ಹಾಕಿದರೆ ಜಿಲೆಟಿನ್ ಗಟ್ಟಿಯಾಗುತ್ತದೆ. ಮೊದಲು ಒಂದು ಪೂರ್ತಿ ಕಪ್ಪು ಚೂರಿನ ಮೇಲೆ ಮಾಡಿ ನೋಡಿದೆ. ಈ ಸಲ ನಾನು ಕೇಳಿ, ಆಮೇಲೆ ಮಾಡಿದೆ. ತಡೆಯಿತು. ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಟ್ರೇಯ ಮುಂದೆ ಮೂವರೂ ಸರದಿಯ ಮೇಲೆ ಕೂತೆವು. ಒಂದೊಂದು ತುದಿ ಬಿಟ್ಟುಕೊಂಡಾಗಲೂ ಅಕ್ಕ, "ಬಂತು ನೋಡು, ಬಂತು" ಎಂದು ಹೆರಿಗೆ ಮಾಡಿಸುವವರ ಹಾಗೆ ಪಿಸುಗುಟ್ಟುತ್ತಿದ್ದರು.

ಹನ್ನೊಂದು ತುದಿಗಳು. ಏಳರಲ್ಲಿ ನಿಜಕ್ಕೂ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ಎರಡರಲ್ಲಿ ಭುಜ. ಒಂದರಲ್ಲಿ ಅಲುಗಾಡಿದ ತಲೆ. ಕೊನೆಯದರಲ್ಲಿ ನನ್ನ ಕತ್ತರಿ ಎರಡು ಫ್ರೇಮಿನ ನಡುವಿನ ಗೆರೆಯ ಮೇಲೆ ಸರಿಯಾಗಿ ಬಿದ್ದಿತ್ತು. ಒಂದು ಕಡೆ ಕಪ್ಪು, ಅದು ನಿಧಾನವಾಗಿ ತೆಳುವಾಗುತ್ತ ಬಂದು, ಮಧ್ಯದಲ್ಲಿ ಸ್ಟೂಲಿನ ಮೇಲೆ ಪೂರ್ತಿ ಮನುಷ್ಯ.

ಅಂದಾಜು ಬೇಡವೆಂದು ಮೊದಲು ಒಂದು ಕಾಗದದ ಮೇಲೆ ಪಟ್ಟಿ ಪಟ್ಟಿಯಾಗಿ ಎನ್‌ಲಾರ್ಜರಿನ ಬೆಳಕು ಕೊಟ್ಟು ನೋಡಿದೆ. ಐದು ಸೆಕೆಂಡು, ಹತ್ತು, ಹದಿನೈದು. ಹನ್ನೆರಡಕ್ಕೆ ಮುಖ ಸರಿಯಾಗಿ ಬಂತು. ನೆಗೆಟಿವ್‌ನಲ್ಲಿ ಬೆಳಕು ಬಿದ್ದು ಕಪ್ಪಾದ ಭಾಗ ಕಾಗದದ ಮೇಲೆ ಬಿಳಿಯಾಗುತ್ತದೆ. ಕೆಂಪು ಬಲ್ಬಿನ ಕೆಳಗೆ ಖಾಲಾ ನನ್ನ ಭುಜ ಹಿಡಿದು ನಿಂತಿದ್ದರು. ಟ್ರೇಯಲ್ಲಿ ಕಾಗದ ಮುಳುಗಿಸಿದೆ. ಮೊದಲು ಸ್ವೆಟರು ಬಂತು, ಆಮೇಲೆ ಹುಬ್ಬು, ಮೀಸೆ, ನಗು ತಡೆದುಕೊಂಡ ಬಾಯಿ. ಎಡಗಡೆ ಪೂರ್ತಿ ಬಿಳಿ, ಯಾರೋ ದೊಡ್ಡ ಕಿಟಕಿ ತೆಗೆದು ಅವರ ಹೆಗಲವರೆಗೆ ಬಿಸಿಲು ಬಿಟ್ಟ ಹಾಗೆ. ಕೈಯಲ್ಲಿ ರಬ್ಬರ್ ಗುಂಡು, ಅದರ ಕೊಳವೆ ಚಿತ್ರದ ಕೆಳ ಅಂಚಿನಿಂದ ಆಚೆ ಹೋಗಿತ್ತು. ಬಲ ಅಂಚಿನಿಂದ ಒಳಗೆ ಚಾಚಿದ ಇನ್ನೊಂದು ಕೈ, ಬಳೆ ಹಾಕಿದ್ದು, ಅದರಲ್ಲಿ ಸಣ್ಣ ಸೊಂಟದ ಪುಟ್ಟ ಟೀ ಲೋಟ.

ಖಾಲಾ ತಮ್ಮ ಕೈ ನೋಡಿಕೊಂಡರು. ಅದೇ ಬಳೆ.

"ತಣ್ಣಗಾಗುತ್ತೆ ಕುಡೀರಿ ಅಂತ ಬೈತಿದ್ದೀನಿ," ಎಂದರು. "ಅವರು ಅದಕ್ಕೇ ನಗ್ತಿದಾರೆ."

ಆಮೇಲೆ ಅತ್ತರು. ಅಕ್ಕನೂ ಅತ್ತರು. ಕಾಗದ ಜಾಸ್ತಿ ಹೊತ್ತು ಟ್ರೇಯಲ್ಲಿ ಉಳಿದರೆ ಕಪ್ಪಾಗುತ್ತದೆ, ಆದ್ದರಿಂದ ನನಗೆ ಅಳಲು ಪುರುಸೊತ್ತಾಗಲಿಲ್ಲ.

ಪ್ರತಿಗಳನ್ನು ಮಾಡಿದೆ. ಒಂದು ಖಾಲಾಗೆ, ಒಂದು ಕಾರ್ಲ್‌ಸ್ಟಾಡ್‌ನ ಆ ತಮ್ಮನಿಗೆ, ಯಜಮಾನರದೂ ಒಂದು ಬೇಕೆಂದು ಅವನೇ ಕೇಳಿದ್ದ. ಒಂದು ಮುದುಕರಿಗೆ. ಅವರು ಅದನ್ನು ತಿರುಗಿಸಿ ಹಿಂದೆ ಏನೋ ಬರೆದುಕೊಂಡರು, ಈ ಸಲ ಏನೆಂದು ನನಗೆ ತೋರಿಸಲಿಲ್ಲ. ಇನ್ನೊಂದು ಡಾಗಿಸ್‌ನ ಗೋಡೆಗೆ.

ಆ ಬೆಳಿಗ್ಗೆ ನಾನೂ ಹೋಗಿದ್ದೆ. ಖಾಲಾ ಪೆಟ್ಟಿಗೆಯ ಚಿತ್ರ ಕಿತ್ತು ಆ ಜಾಗದಲ್ಲಿ ಫೋಟೋ ಅಂಟಿಸಲು ಹೋದರೆ ಮೊಮ್ಮಗಳು ಬಿಡಲಿಲ್ಲ. ಸ್ವೀಡಿಷಿನಲ್ಲೇ ಜಗಳವಾಡಿ, ಫೋಟೋವನ್ನು ಪೆಟ್ಟಿಗೆಯ ಮೇಲ್ಗಡೆ ಹಚ್ಚಿಸಿಕೊಂಡಳು. ಸ್ವಲ್ಪ ಹೊತ್ತು ಅಜ್ಜನನ್ನೂ ಅವರ ಕೈಯಲ್ಲಿದ್ದ ಗುಂಡನ್ನೂ ನೋಡಿದಳು. ಆಮೇಲೆ ಕಪ್ಪು ಬಣ್ಣದ ಕಡ್ಡಿ ತಂದು, ಫೋಟೋದ ಕೆಳ ಅಂಚಿನಲ್ಲಿ ಕೊಳವೆ ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಳೆಯ ಮೇಲೆ ಒಂದು ಉದ್ದನೆಯ ಗೆರೆ ಎಳೆದು, ತಾನು ಬರೆದಿದ್ದ ಕ್ಯಾಮೆರಾಕ್ಕೆ ಸೇರಿಸಿದಳು.

ಇದು ನನ್ನ ಕಡೆಯ ಕಥೆ. ಈಗ ನಿಮ್ಮದು ಕೇಳಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಾದರೂ ಸ್ಟುಡಿಯೋ ಇಟ್ಟಿದ್ದರಾ? ಹೊಸ ರೋಲಿನ ಮೊದಲ ಫ್ರೇಮಿನಲ್ಲಿ ಅವರು ಯಾರನ್ನು ಕೂರಿಸುತ್ತಿದ್ದರು? ಆ ತುದಿಗಳು ಈಗ ಎಲ್ಲಿವೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ, ನನ್ನ ಹಾಗೆ ಕತ್ತರಿ ಆಡಿಸಿದವರೂ ಸಂಕೋಚ ಬಿಟ್ಟು ಬರೆಯಿರಿ. ಇನ್ನೂ ಎಸೆಯದೆ ಇದ್ದರೆ, ಕಿಟಕಿಯ ಹತ್ತಿರ ಹೋಗಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬರೆಯಿರಿ.